ಒಲೆಗೆ ಬಿದ್ದ ಸೀಲು

ಅಲ್ಲೇ ನಿಲ್ಲಿ! ಅಲ್ಲೇ, ಹೊಸ್ತಿಲಿಂದ ಆಚೆ! ಕಾಣಿಸಲ್ವಾ, ನೆಲ ಈಗ ತಾನೇ ಒರೆಸಿದ್ದೀನಿ, ಇನ್ನೂ ಆರಿಲ್ಲ. ಬೂಟು ಬಿಚ್ಚಿ. ಹೂಂ, ಬಿಚ್ಚಿ ಅಂದೆ. ಅವತ್ತು ಬಿಚ್ಚಲಿಲ್ಲ, ಇವತ್ತಾದ್ರೂ ಬಿಚ್ಚಿ. ಅವತ್ತು ಯುದ್ಧ ಇತ್ತು, ನಿಮ್ಮ ಬೂಟಿಗೂ ಅಧಿಕಾರ ಇತ್ತು. ಇವತ್ತು ಏನಿದೆ? ಬರೀ ಬೂಟು!

ಬಿಡಿಸೋಕೆ ಬಂದಿದ್ದೀನಿ, ಬಿಡಿಸೋಕೆ ಬಂದಿದ್ದೀನಿ... ಎಷ್ಟು ಸಲ ಹೇಳ್ತೀರಿ? ಕೇಳಿಸ್ತು. ನನ್ನ ಕಿವಿ ನೆಟ್ಟಗಿದೆ. ಒಲೆಗೆ ಹಾಕಿದ ಸೀಲು ಬಿಡಿಸಬೇಕು, ಅಷ್ಟೇ ತಾನೇ? ಬಿಡಿಸೋರಂತೆ, ಏನವಸರ. ಅವತ್ತು ನೀವು ಹೇಳಿದ್ದು ನಾನು ಕೇಳಿದೆ, ಇವತ್ತು ನಾನು ಹೇಳೋದು ನೀವು ಕೇಳಿ. ಕೂತ್ಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ. ಸ್ಟೂಲ್ ಎಳ್ಕೊಳ್ಳಿ. ಚೀಲ ಕೆಳಗಿಡಿ. ಕೆಳಗೆ! ಇಕ್ಕಳ ಈಚೆ ತೆಗೀಬೇಡಿ ನೀವು.

ಅದೇ ಮನುಷ್ಯ ಅಲ್ವಾ ನೀವು? ನಾನು ಮರೀತೀನಾ! ಆಗ ತಲೆ ತುಂಬ ಕೂದಲಿತ್ತು. ಯುದ್ಧ ನಿಮ್ಮ ತಲೇನೂ ತಿಂದಿದೆ ಅನ್ನಿ. ಒಳ್ಳೇದಾಯ್ತು. ಬೀದಿಯಲ್ಲಿ ನಿಮ್ಮನ್ನ ಏನಂತ ಕರೀತಿದ್ರು ಗೊತ್ತಾ? ಸೀಲಪ್ಪ! ಮಕ್ಕಳು ಹಟ ಮಾಡಿದ್ರೆ 'ತಡಿ, ಸೀಲಪ್ಪ ಬರ್ತಾನೆ, ಬಾಯಿಗೆ ಅರಗು ಹಾಕ್ತಾನೆ' ಅಂತ ಹೆದರಿಸ್ತಿದ್ರು. ...ನಗ್ತೀರಾ? ಯಾಕೆ ನಗ್ತೀರಿ? ನಗೋ ಮಾತಾ ಇದು? ನಾನು ಹೊಟ್ಟೆ ಉರ್ಕೊಂಡು ಹೇಳ್ತಿದ್ದೀನಿ, ಇವರಿಗೆ ನಗು!

ಅವತ್ತು ನಾನು ಎಸರಿಟ್ಟಿದ್ದೆ. ಇನ್ನೇನು ಕುದಿ ಬರಬೇಕು, ನೀವು ಬಂದ್ರಿ. ಬಾಗಿಲು ತಟ್ಟಿದ್ರಾ? ಇಲ್ಲ! ಸೀದಾ ಅಡುಗೆಮನೆಗೆ. ಬೂಟು ಕಾಲಲ್ಲಿ. ನನ್ನ ಪಾತ್ರೆ, ನಾನಿಟ್ಟ ಪಾತ್ರೆ, ನನ್ನ ಕಣ್ಣೆದುರಿಗೆ ಎತ್ತಿ ಕೆಳಗಿಟ್ಟು ಉರಿ ಆರಿಸಿದ್ರಿ. ಸ್ಟೌವಿನ ಬತ್ತಿ ತಿರುಗಿಸೋ ಕಿವಿಗೂ ಕಾಲಿಗೂ ಸೇರಿಸಿ ದಾರ ಸುತ್ತಿದ್ರಿ. ಮೇಣದಬತ್ತಿ ಹಚ್ಚಿ, ಅರಗು ಕರಗಿಸಿ, ಗಂಟಿನ ಮೇಲೆ ಕೆಂಪಗೆ ತೊಟ್ಟಿಕ್ಕಿಸಿ ಮುದ್ರೆ ಒತ್ತಿದ್ರಿ. ಟಪ್! ಕೋಟೆ ಬಾಗಿಲಿನ ಗುರುತು. ಸರ್ಕಾರದ ಗುರುತು, ನನ್ನ ಒಲೆ ಮೇಲೆ! ಆಮೇಲೆ ಕೈ ಒರೆಸ್ಕೊಂಡು ಏನಂದ್ರಿ? 'ಇನ್ಮೇಲೆ ಎರಡು ಮನೆಗೆ ಒಂದೇ ಒಲೆ ಅಮ್ಮ. ಎದುರು ಮನೆಯಲ್ಲಿ ಬೇಯಿಸ್ಕೊಳ್ಳಿ. ಉಳಿದ ಸೀಮೆಎಣ್ಣೆ ಗಡಿಯ ಸಿಪಾಯಿಗಳಿಗೆ ಹೋಗುತ್ತೆ.' ಎಷ್ಟು ಸಲೀಸಾಗಿ ಅಂದುಬಿಟ್ರಿ! ಎದುರು ಮನೆ! ನಾಲ್ಕು ಹೆಜ್ಜೆ ಅಂತ ತಾನೇ ಅಂದ್ಕೊಂಡ್ರಿ? ಆ ನಾಲ್ಕು ಹೆಜ್ಜೆ ನಾನು ವರ್ಷಗಟ್ಟಲೆ ದಾಟಿರಲಿಲ್ಲ ಕಣ್ರೀ!

ಎದುರು ಮನೆ ಯಾರದು ಗೊತ್ತಾ ನಿಮಗೆ? ನನ್ನ ಓರಗಿತ್ತಿದು. ನನ್ನ ಯಜಮಾನರ ತಮ್ಮನ ಹೆಂಡತಿ. ಅತ್ತೆ ಇರೋ ತನಕ ನಮ್ಮದು ಒಂದೇ ಒಲೆ, ಒಂದೇ ಊಟ. ಅತ್ತೆ ಕಣ್ಣು ಮುಚ್ಚಿದ್ರು, ಒಲೆ ಒಡೀತು. ಯಾಕೆ ಅಂತ ಕೇಳಿ. ಆಸ್ತಿಗಾ? ಚಿನ್ನಕ್ಕಾ? ಉಪ್ಪಿಗೆ! ಮನೆ ತುಂಬ ಜನ ಊಟಕ್ಕೆ ಕೂತಿದ್ದಾರೆ, ನಾನು ಬಡಿಸ್ತಿದ್ದೀನಿ, ಇವಳು ಒಂದು ತುತ್ತು ಬಾಯಿಗಿಟ್ಟು 'ಅಕ್ಕನ ಕೈಯಲ್ಲಿ ಉಪ್ಪು ಸ್ವಲ್ಪ ಧಾರಾಳ' ಅಂದ್ಲು. ಧಾರಾಳ! ಎಲ್ಲರೂ ನಕ್ರು. ನಾನು ಸುಮ್ಮನಿರೋಳಾ? 'ಧಾರಾಳ ಇರೋದು ನನ್ನ ಉಪ್ಪಲ್ಲ ಕಣೇ, ನಿನ್ನ ನಾಲಿಗೆ' ಅಂದೆ. ಮಾತಿಗೆ ಮಾತು ಬೆಳೀತು. ಅವಳ ತವರಿನ ತನಕ ಹೋದೆ ನಾನು, ನನ್ನ ತವರಿನ ತನಕ ಬಂದ್ಲು ಅವಳು. ಮಾರನೇ ದಿನವೇ ಈ ಸ್ಟೌವ್ ತಂದೆ. ಇದೇ ಸ್ಟೌವ್. ಅಣ್ಣತಮ್ಮ ಇಬ್ಬರೂ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚುತ್ತಿದ್ರು. ಒಬ್ಬನಾದ್ರೂ 'ಬೇಡ ಕಣ್ರೇ' ಅಂದನಾ? ಬಾಯಲ್ಲಿ ಅಕ್ಕಿಕಾಳು ಇಟ್ಕೊಂಡೋರ ಹಾಗೆ! ನನ್ನ ಮೈದುನನ ಬಾಯಿಂದ ಮಾತು ಬರೋದು ಅಂದ್ರೆ ಕಲ್ಲಿಂದ ಎಣ್ಣೆ ಬಂದ ಹಾಗೆ.

ಆಮೇಲೆ ನನ್ನ ಯಜಮಾನರೂ ಹೋದ್ರು. ಅವಳು ಬಂದ್ಲು. ಅತ್ತಳು. ಕೂತಳು. ಎದ್ದು ಹೋದ್ಲು. ನಾನು ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ...ಹೂಂ, ಮೊಂಡು. ನನಗೆ ಮೊಂಡಿ ಅಂತಾನೇ ಹೆಸರು, ನೀವೇನೂ ಹೊಸದಾಗಿ ಇಡೋದು ಬೇಡ. ಇನ್ನೂ ಒಂದು ತಮಾಷೆ ಕೇಳಿ. ನಾವಿಬ್ಬರೂ ಕೆಲಸ ಮಾಡೋದು ಒಂದೇ ಹೊಲಿಗೆ ಕಾರ್ಖಾನೆಯಲ್ಲಿ, ಒಂದೇ ಬೆಂಚಲ್ಲಿ. ನಾನು ಕಾಜ ಮಾಡಿ ಅವಳ ಕಡೆ ತಳ್ತೀನಿ, ಅವಳು ಗುಂಡಿ ಹೊಲಿದು ಮುಂದಕ್ಕೆ ತಳ್ತಾಳೆ. ಮೊದಲು ಶಾಲೆ ಮಕ್ಕಳ ಅಂಗಿ ಹೊಲೀತಿದ್ವಿ, ಯುದ್ಧ ಬಂದ ಮೇಲೆ ಬರೀ ಸಿಪಾಯಿಗಳ ಕೋಟು. ಹಿತ್ತಾಳೆ ಗುಂಡಿ, ಅದರ ಮೇಲೂ ನಿಮ್ಮ ಕೋಟೆ ಬಾಗಿಲೇ! ಒಲೆ ಮೇಲೂ ಅದೇ, ಗುಂಡಿ ಮೇಲೂ ಅದೇ. ನನ್ನ ಕಾಜಕ್ಕೂ ಅವಳ ಗುಂಡಿಗೂ ಹೊಂದ್ತಿತ್ತು, ನಮಗಿಬ್ಬರಿಗೆ ಮಾತ್ರ ಹೊಂದ್ತಿರಲಿಲ್ಲ. ಹಾಗಿದ್ದ ನಮ್ಮನ್ನ ನೀವು ಒಂದು ಅರಗಿನ ಕಡ್ಡಿ ಹಿಡ್ಕೊಂಡು ಬಂದು ಸೇರಿಸಿಬಿಟ್ರಿ. ಬಂಧುಬಳಗ ಎಲ್ಲ ಬಂದು ಹೇಳಿ ಸೋತು ಹೋಗಿದ್ರು. ನೀವು ಯಾರ್ರೀ?

ಅಲ್ಲ, ನಮ್ಮ ಬೀದಿ ಹೇಗಿತ್ತು ಅಂತ ನಿಮಗೆ ಗೊತ್ತಾ? ಯುದ್ಧಕ್ಕೆ ಮುಂಚೆ ಸರ್ಕಾರದೋನು ಕಾಲಿಟ್ಟರೆ ಮೂಲೆ ಅಂಗಡಿಯೋನು ಕೆಮ್ತಿದ್ದ. ಅವನು ಕೆಮ್ಮಿದ ಅಂದ್ರೆ ಬೀದಿಗೆ ಬೀದಿಯೇ ಬಾಗಿಲು ಹಾಕ್ಕೊಳ್ತಿತ್ತು. ಜನಗಣತಿಯೋನು ಬಂದಾಗ ಮನೆ ಮಂದಿಯೆಲ್ಲ ಒಳಗಿಂದ ಒಟ್ಟಿಗೆ 'ಮನೆಯಲ್ಲಿ ಯಾರೂ ಇಲ್ಲ' ಅಂತ ಕೂಗಿದ ಬೀದಿ ಇದು! ನಮ್ಮ ಅತ್ತೆ ಹೇಳ್ತಿದ್ರು, ಸರ್ಕಾರ ಅಂದ್ರೆ ಬೆಂಕಿ ಇದ್ದ ಹಾಗೆ, ದೂರದಿಂದ ಮೈ ಕಾಯಿಸ್ಕೋಬೇಕು, ಮನೆಯೊಳಗೆ ತರಬಾರದು ಅಂತ.

ಯುದ್ಧ ಬಂತು. ಮೊದಲು ಕಿಟಕಿಗೆ ಕಪ್ಪು ಕಾಗದ ಅಂಟಿಸಿ ಅಂದ್ರಿ. ಆಯ್ತು, ಅಂಟಿಸಿದ್ವಿ. ಗಡಿಯಾರ ಒಂದು ಗಂಟೆ ಮುಂದಿಡಿ ಅಂದ್ರಿ. ಸೂರ್ಯನ್ನೂ ಒಂದು ಮಾತು ಕೇಳಲಿಲ್ಲ ನೀವು! ಲಂಗದ ಅಂಚು ಇಷ್ಟೇ ಮಡಚಬೇಕು, ಅಂಗಿಗೆ ಎರಡು ಜೇಬು ಬೇಡ, ಆಲೂಗಡ್ಡೆ ಸಿಪ್ಪೆ ತೆಗೀಬೇಡಿ. ಗೋಡೆಗೋಡೆಗೂ ಚಿತ್ರ. ಒಬ್ಬಳು ಹಲ್ಲು ಕಿರಿದು ಪಾತ್ರೆಗೆ ಮುಚ್ಚಳ ಮುಚ್ತಿದ್ದಾಳೆ, ಕೆಳಗೆ 'ಮುಚ್ಚಿ ಬೇಯಿಸಿ, ಗೆಲ್ಲಿಸಿ'! ಆ ಕೈ ನೋಡಿದ್ರೇ ಗೊತ್ತಾಗ್ತಿತ್ತು, ಅದು ಜನ್ಮದಲ್ಲಿ ಒಂದು ಪಾತ್ರೆ ತೊಳೆದ ಕೈಯಲ್ಲ. ನಾವು ನಿಮಗೆ ಹಾಕಿದ ಶಾಪ ಒಂದಾ ಎರಡಾ? ಅದಕ್ಕೇ ಕೂದಲು ಉದುರಿರೋದು!

ಆಮೇಲೆ ಏನಾಯ್ತು ಹೇಳಿ? ಅದೇ ಜನ! ಬಾಗಿಲು ಹಾಕ್ಕೊಂಡಿದ್ದ ಅದೇ ಜನ ನಿಮ್ಮ ಆಫೀಸಿನ ಮುಂದೆ ಸಾಲು ನಿಂತ್ರು. ಪಕ್ಕದ ಮನೆ ಕೋಳಿ ಹೊತ್ತಲ್ಲದ ಹೊತ್ತಲ್ಲಿ ಕೂಗುತ್ತೆ, ಸರ್ಕಾರ ವಿಚಾರಿಸಬೇಕು. ಅಳಿಯ ಕಾಗದ ಹಾಕ್ತಿಲ್ಲ, ಸರ್ಕಾರ ಹಾಕಿಸಬೇಕು. ಮೇಲಿನ ಮಹಡಿ ಮುದುಕ ಗೊರಕೆ ಹೊಡೀತಾನೆ, ಅದರಲ್ಲಿ ಸೈರನ್ ಕೇಳಿಸಲ್ಲ ಅಂತ ಕೆಳಗಿನ ಮಹಡಿಯೋಳು ದೂರು ಕೊಟ್ಟಳಲ್ರೀ! ...ಹಾ? ನಿಮ್ಮ ಹತ್ರನೇ ಬಂದಿತ್ತಾ ಅದು? ಏನ್ ಮಾಡಿದ್ರಿ? ...ಎಡಗಡೆ ತಿರುಗಿ ಮಲ್ಕೊಳ್ಳೋಕೆ ಹೇಳಿದ್ರಾ? ಅಯ್ಯೋ ದೇವರೇ! ಮನುಷ್ಯ ಯಾವ ಮಗ್ಗುಲಿಗೆ ಮಲಗಬೇಕು ಅನ್ನೋದೂ ಸರ್ಕಾರಕ್ಕೆ ಬಂತು! ಮೂಲೆ ಅಂಗಡಿಯೋನು ಕೆಮ್ಮೋದೇ ಬಿಟ್ಟ. ನೀವು ಬಂದ್ರೆ ಅವನೇ ಕುರ್ಚಿ ಹಾಕಿ ಕೊಡ್ತಿದ್ದ, ನಾನು ಕಣ್ಣಾರೆ ನೋಡಿದ್ದೀನಿ.

ಈಗ? ಯುದ್ಧ ಮುಗೀತು ಅಂತ ಗಂಟೆ ಬಾರಿಸಿದ್ರಿ. ಕಾಗದ ಕಿತ್ತಿದ್ದಾಯ್ತು, ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾಯ್ತು. ಬೆಲೆ ಕಟ್ಟಿ ಹಾಕಿದ್ದು ತೆಗೆದ್ರಿ, ಮಾರನೇ ದಿನವೇ ಅದೇ ಅಂಗಡಿಯೋನು ಈರುಳ್ಳಿಗೆ ಇಮ್ಮಡಿ ಹೇಳಿದ. ಕೇಳೋಣ ಅಂತ ನಿಮ್ಮ ಆಫೀಸಿಗೆ ಹೋದ್ರೆ 'ಅದೀಗ ನಮ್ಮ ಕೆಲಸ ಅಲ್ಲಮ್ಮ' ಅಂದ ಒಬ್ಬ ಪೋರ! ನಿಮ್ಮ ಕೆಲಸ ಅಲ್ವಾ? ನನ್ನ ಲಂಗದ ಅಂಚು ನಿಮ್ಮ ಕೆಲಸ ಆಗಿತ್ತು, ಈರುಳ್ಳಿ ನಿಮ್ಮ ಕೆಲಸ ಅಲ್ವಾ? ಕರೀದೆ ಬಂದ್ರಿ, ಹೇಳದೆ ಹೋಗ್ತಿದ್ದೀರಿ. ನಮಗೆ ನಿಮ್ಮ ಅಭ್ಯಾಸ ಹಿಡಿಸಿ ಹೋಗ್ತಿದ್ದೀರಲ್ಲ, ಅದಕ್ಕೆ ನನ್ನ ಸಿಟ್ಟು!

...ಎದ್ರಾ? ಯಾಕೆ ಎದ್ರಿ? ಕೂತ್ಕೊಳ್ಳಿ! ಒಲೆ ಎಲ್ಲೂ ಓಡಿ ಹೋಗಲ್ಲ. ಇನ್ನೂ ಮನೆಗಳಿವೆಯಾ? ಇರಲಿ. ಇವತ್ತು ಒಬ್ಬಳು ಹೆಂಗಸಿನ ಮಾತು ಪೂರ್ತಿ ಕೇಳಿ ಹೋಗಿ, ನಿಮಗೂ ಪುಣ್ಯ ಬರುತ್ತೆ. ನೀರು ಕುಡೀತೀರಾ? ಟೀ ಕೊಡೋಕೆ ಆಗಲ್ಲ. ಒಲೆ ಇಲ್ಲವಲ್ಲ, ನಿಮ್ಮದೇ ಕೃಪೆ!

ಅವತ್ತು ಸಂಜೆ ಪಾತ್ರೆ ಹಿಡ್ಕೊಂಡು ಅವಳ ಬಾಗಿಲ ಮುಂದೆ ನಿಂತೆ. ಕೈಯಲ್ಲಿ ಕುದಿಯದೇ ಉಳಿದ ಎಸರು, ಮುಖದಲ್ಲಿ ಉರಿ. ತಟ್ಟಲಾ, ಹಸ್ಕೊಂಡೇ ಮಲ್ಕೊಳ್ಳಲಾ ಅಂತ ನಿಂತಿದ್ದೀನಿ, ಬಾಗಿಲು ತಾನೇ ತೆರೀತು. ಅವಳು ಮುಖ ನೋಡಲಿಲ್ಲ. ಒಲೆ ಮೇಲಿದ್ದ ತನ್ನ ಪಾತ್ರೆ ಇಳಿಸಿ, ಗೋಡೆ ಕಡೆ ತಿರುಗಿ ನಿಂತಳು. ಮಾರನೇ ದಿನದಿಂದ ಅವಳ ಸರದಿ ಆದ ಮೇಲೆ ನನ್ನ ಸರದಿ, ಮಾತಿಲ್ಲ ಕತೆಯಿಲ್ಲ. ಅವಳು ಈರುಳ್ಳಿ ಹೆಚ್ಚೋದು ನೋಡಬೇಕು ನೀವು! ಸೌದೆ ಸೀಳಿದ ಹಾಗೆ! ನಾನು ಎಲ್ಲಿ ಕೈ ಇಟ್ಟರೂ ಹಿಂದೆಯೇ ಬಂದು ಒರೆಸ್ತಾಳೆ, ಅದೊಂದು ರೋಗ ಅವಳಿಗೆ. ನಾನು ಉಸಿರು ಬಿಟ್ಟ ಜಾಗವನ್ನೂ ಒರೆಸಿಬಿಡ್ತಾಳೇನೋ ಅನ್ಸೋದು.

ಆಮೇಲೆ ನಿಮ್ಮ ಸರ್ಕಾರ ಉಪ್ಪಿಗೂ ರೇಷನ್ ಹಾಕ್ತು. ನನ್ನ ಪಾಲಿನದು ಒಂದು ಚಿಟಿಕೆ, ಅವಳ ಪಾಲಿನದು ಒಂದು ಚಿಟಿಕೆ. ಎರಡು ಪಾತ್ರೆ ಇಟ್ಟರೆ ಎರಡೂ ಸಪ್ಪೆ. ಒಂದೇ ಪಾತ್ರೆ ಇಟ್ಟರೆ ಬಾಯಿಗಿಡಬಹುದು. ಒಂದು ದಿನ ಅವಳೇ ಒಂದೇ ಪಾತ್ರೆ ಇಟ್ಟಿದ್ದಳು. ನಾನು ಹೋಗಿ ನಿಂತೆ. ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿದಳು, ಬೆಂಚಲ್ಲಿ ಕೋಟು ತಳ್ತಾಳಲ್ಲ ಹಾಗೇ. 'ಅಕ್ಕ, ಉಪ್ಪು ನೀವೇ ಹಾಕಿ' ಅಂದ್ಲು.

...ಅಷ್ಟೇ. ಅಷ್ಟೇ ಅಂದಿದ್ದು. ಅವತ್ತಿಂದ ಉಪ್ಪು ನಾನೇ ಹಾಕೋದು. ನನ್ನ ಕಣ್ಣಿಗೆ ಹೊಗೆ ಹೋಯ್ತು ಅವತ್ತು. ನೀವು ಕೊಡ್ತಿದ್ದ ಎಣ್ಣೆ ಕಲಬೆರಕೆ ಇರ್ತಿತ್ತು, ಗೊತ್ತಾ ನಿಮಗೆ? ದಾರಿಯಲ್ಲಿ ಯಾರು ನೀರು ಬೆರೆಸ್ತಿದ್ರೋ, ಅದನ್ನ ಮೊದಲು ವಿಚಾರಿಸಿ!

ಆ ಚಳಿಗಾಲ ನನಗೆ ಜ್ವರ ಬಂತು. ನಾನು ಹೋಗಲಿಲ್ಲ, ಇವಳೇ ತಟ್ಟೆ ಹಿಡ್ಕೊಂಡು ಬಂದ್ಲು. ಬೇಡ ಅಂದೆ. 'ಕಾನೂನು ಅಕ್ಕ. ಎರಡು ಮನೆಗೆ ಒಂದೇ ಒಲೆ. ನೀವು ಉಣ್ಣದಿದ್ರೆ ನಮಗೆ ದಂಡ ಹಾಕ್ತಾರೆ' ಅಂದ್ಲು. ಎಂಥಾ ಕಳ್ಳಿ ನೋಡಿ! ಅಂಥ ಕಾನೂನು ಇತ್ತಾ? ...ಇರಲಿಲ್ವಾ? ನನಗೂ ಗೊತ್ತಿತ್ತು ಇಲ್ಲ ಅಂತ. ಆದ್ರೆ ದಂಡ ಅಂದ ಮೇಲೆ ಏನ್ ಮಾಡೋದು, ಉಂಡೆ.

ಮತ್ತೆ ಇಕ್ಕಳ! ಇಡಿ ಅಂದೆ ಅದನ್ನ ಒಳಗೆ! ಅಲ್ಲ, ಬಿಡಿಸಿ ಏನ್ ಮಾಡಬೇಕು? ಇಷ್ಟು ದಿನ ಉರಿಯದೆ ಬತ್ತಿ ಕಲ್ಲಾಗಿರುತ್ತೆ. ತುಕ್ಕು ಹಿಡಿದಿದೆ. ಸ್ಟೌವ್ ರಿಪೇರಿ ಖರ್ಚು ನಿಮ್ಮ ಆಫೀಸ್ ಕೊಡುತ್ತಾ? ...ಏನು? ಎಲ್ಲರೂ ತಾವೇ ಕಿತ್ಕೊಂಡ್ರು ಅಂತೀರಾ? ಗೊತ್ತು, ಗೊತ್ತು. ರೇಡಿಯೋದಲ್ಲಿ ಹೇಳಿದ್ರು, 'ಒಲೆ ಕಾನೂನು ರದ್ದು, ಸೀಲು ನೀವೇ ಕಿತ್ತುಹಾಕಬಹುದು' ಅಂತ. ಕೆಳಗಿನ ಮಹಡಿಯೋಳು ಕಿತ್ತು ಮೆಟ್ಟಿಲ ಮೇಲೆ ಎಸೆದು ಕುಣಿದಳು. ನಾನು ಮುಟ್ಟಲಿಲ್ಲ. ಬೆರಳೂ ತಾಗಿಸಲಿಲ್ಲ. ಕಾನೂನು ಅಂದ್ರೆ ಕಾನೂನು, ಹಾಕಿದೋರೇ ಬಂದು ಬಿಡಿಸಬೇಕು. ಓರಗಿತ್ತಿಗೂ ಅದನ್ನೇ ಹೇಳಿದ್ದೀನಿ. 'ನನ್ನದು ಬೇರೆ ಥರ ಸೀಲು ಕಣೇ, ಆಫೀಸಿನೋರೇ ಬರಬೇಕಂತೆ, ಇನ್ನೂ ಬಂದಿಲ್ಲ, ಹಾಳಾದ ಸರ್ಕಾರ' ಅಂತ. ...ಯಾಕೆ ಹಾಗೆ ನೋಡ್ತೀರಿ? ಬೇರೆ ಥರ ಸೀಲು ಅಂತ ಇಲ್ವಾ? ಇಲ್ಲದಿದ್ರೆ ಇಲ್ಲ, ನನಗೇನು ಗೊತ್ತು!

ಮೊದಲು ಇದು ಹೇಳಿ. ಇಷ್ಟು ದಿನ ಬರದೇ ಇದ್ದೋರು ಇವತ್ತು ಯಾಕೆ ಬಂದ್ರಿ? ಯಾರು ಕರೆದ್ರು ನಿಮ್ಮನ್ನ? ...ದೂರಾ? ನನ್ನ ಒಲೆ ಬಗ್ಗೆ ದೂರಾ? ಎಲ್ಲಿಂದ?

...ಎದುರು ಮನೆಯಿಂದ.

ಎದುರು ಮನೆಯಿಂದಾ? ಸರಿಯಾಗಿ ನೋಡಿ ಹೇಳಿ. ...ನೋಡಿದ್ರಾ! ನೋಡಿದ್ರಾ ಅವಳನ್ನ! ಮುಂದೆ 'ಅಕ್ಕ ಅಕ್ಕ', ಹಿಂದೆ ಇಂಥ ಕೆಲಸ! ನಾನು ಭಾರ ಆಗಿದ್ದೀನಿ ಅಂತ ಬಾಯಿ ಬಿಟ್ಟು ಹೇಳಬಾರದಿತ್ತಾ? ದಿನಾ ನನ್ನ ತಟ್ಟೆ ನಾನು ಹೋಗೋ ಮುಂಚೆ ಹಾಕಿಟ್ಟಿರ್ತಾಳೆ, ಅದೆಲ್ಲ ನಾಟಕ! ಉಪ್ಪಿನ ಡಬ್ಬಿ ತಳ್ಳೋದು ನಾಟಕ! ಬೇಡವಾದೋಳು ಕೂತರೂ ತಪ್ಪು, ನಿಂತರೂ ತಪ್ಪು. ನನಗೇ ಬುದ್ಧಿ ಇರಲಿಲ್ಲ. ಹುಟ್ಟು ಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಅವಳ ಆ ನಾಲಿಗೆ... ಏನು? ...ಹೆಂಗಸಲ್ವಾ? ಬಂದಿದ್ದು ಗಂಡಸಾ? ಹೇಗಿದ್ದ? ಉದ್ದಕ್ಕೆ? ಒಂದು ಭುಜ ಜೋತು? ...ಓ! ಓಹೋ, ನನ್ನ ಮೈದುನ! 'ಅತ್ತಿಗೆಗೆ ತೊಂದರೆ ಆಗ್ತಿದೆ, ದಯವಿಟ್ಟು ಬೇಗ ಬಿಡಿಸಿಕೊಡಿ' ಅಂದನಾ? ಕೈ ಮುಗಿದನಾ?

ಅಯ್ಯೋ ನನ್ನಪ್ಪಾ! ಮನೆ ಒಡೆಯೋವಾಗ ಒಂದು ಮಾತು ಆಡದ ಮನುಷ್ಯ! ಜೀವಮಾನಕ್ಕೆ ಒಂದು ಸಲ ಬಾಯಿ ಬಿಟ್ಟ, ಬಿಟ್ಟ ಬಾಯಲ್ಲಿ ಇದನ್ನ ಆಡಿದ! ಗಂಡಸರಿಗೆ ಬುದ್ಧಿ ಕೊಡೋವಾಗ ದೇವರೂ ರೇಷನ್ ಮಾಡಿದ್ದಾನೆ. ...ಸದ್ಯ, ಅವಳಲ್ಲ. ಅವಳಲ್ಲ ತಾನೇ? ಸರಿ.

ಆಯ್ತು, ಕೀಳಿ ಮತ್ತೆ. ಇನ್ನೇನು, ದೂರು ಬಂದ ಮೇಲೆ ನೀವು ಬಿಡ್ತೀರಾ. ಇಗೋ, ಸರ್ಕೊಂಡೆ. ಕೀಳಿ, ನನ್ನ ಒಲೆ ನನಗೆ ಕೊಡಿ, ನಾನು ಮೂರು ಹೊತ್ತೂ ಒಬ್ಬಳೇ ಬೇಯಿಸ್ಕೊಂಡು ರಾಣಿ ಹಾಗೆ ಉಣ್ತೀನಿ.

...ಯಾಕೆ ನಿಂತ್ರಿ?

ಬೆರಳು ಯಾಕೆ ಆಡಿಸ್ತಿದ್ದೀರಿ ಅದರ ಮೇಲೆ? ಅದು ನಿಮ್ಮದೇ ಅರಗು. ಕೋಟೆ ಬಾಗಿಲು ಕಾಣ್ತಿದೆಯಲ್ಲ? ...ಕಿಟಕಿ ಕಡೆ ತಿರುಗಿಸೋದು ಯಾಕೆ? ...ಚೀಲದಲ್ಲಿ ಏನು ಹುಡುಕ್ತೀರಿ? ಅದು ಯಾರ ಮನೆ ಸೀಲು? ಎರಡೂ ಪಕ್ಕಪಕ್ಕ ಯಾಕೆ ಹಿಡೀತೀರಿ ರೀ, ಇದೇನು ಸೊಪ್ಪಿನ ಕಟ್ಟಾ ಹೋಲಿಸಿ ನೋಡೋಕೆ? ...ಹೂಂ, ಅದರಲ್ಲಿ ಬಾಗಿಲು ಉಬ್ಬಿದೆ. ಇದರಲ್ಲಿ ತಗ್ಗಿದೆ. ಅದಕ್ಕೆ? ಬಿಸಿಲಿಗೆ ಮೆತ್ತಗಾಗಿ ಒಳಕ್ಕೆ ಹೋಗಿರುತ್ತೆ! ದಾರ? ದಾರಕ್ಕೇನು ಬಂತು? ಖಾಕಿ ದಾರ ಆದ್ರೆ ಏನೀಗ? ನೀವೇ ಸುತ್ತಿರ್ತೀರಿ! ನೆನಪಿರಲ್ಲ ನಿಮಗೆ, ಊರಿಗೆಲ್ಲ ಸುತ್ತಿದೋರು...

ಏನಾದ್ರೂ ಮಾತಾಡಿ. ಹೀಗೆ ಸುಮ್ಮನೆ ನಿಂತ್ಕೋಬೇಡಿ ಅಂದೆ! ಅವತ್ತು ಬಾಯಿ ತುಂಬ ಕಾನೂನು ಹೇಳಿದ್ರಲ್ಲ, ಇವತ್ತೂ ಹೇಳಿ! ಸರ್ಕಾರದ ಮುದ್ರೆ ಕಳ್ಳತನದಲ್ಲಿ ಒತ್ತಿದ್ರೆ ಏನು ಶಿಕ್ಷೆ, ಹೇಳಿ! ಬೈಯಿರಿ! ಬೈದ್ರೆ ತಿರುಗಿ ಬೈಬಹುದು. ಹೀಗೆ ನೋಡಿದ್ರೆ ನಾನೇನು ಮಾಡಲಿ?

...ಕಿತ್ತೆ ಕಣಪ್ಪ. ಹೌದು, ಕಿತ್ತೆ! ರೇಡಿಯೋದೋನು ಮಾತು ಮುಗಿಸೋ ಮುಂಚೆ ಕಿತ್ತೆ, ಕೆಳಗಿನ ಮಹಡಿಯೋಳಿಗಿಂತ ಮೊದಲು. ನನ್ನ ಮನೆ, ನನ್ನ ಒಲೆ, ಯಾರ ಹಂಗಿಲ್ಲ ಅಂತ ಕುಣಿದೆ. ಎಸರಿಟ್ಟೆ. ಬೇಯಿಸಿದೆ. ಉಪ್ಪು ಧಾರಾಳ ಹಾಕಿದೆ, ಬೇಕಂತಲೇ. ತಟ್ಟೆ ಇಟ್ಕೊಂಡು ಈ ಸ್ಟೂಲ್ ಮೇಲೇ ಕೂತೆ. ಆಚೆ ಅವಳು ಪಾತ್ರೆ ಇಳಿಸೋ ಸದ್ದು. ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟೆ. ಉಪ್ಪು ಸರಿಯಿದೆ ಅನ್ನೋಕೂ ಯಾರಿಲ್ಲ, ಜಾಸ್ತಿ ಆಯ್ತು ಅನ್ನೋಕೂ ಯಾರಿಲ್ಲ! ಇದಕ್ಕಾ ನಾನು ಅಷ್ಟು ವರ್ಷ ಜಗಳ ಆಡಿದ್ದು?

ಒಡೆದ ಅರಗೆಲ್ಲ ಬಳಿದು ಕರಗಿಸಿದೆ. ದಾರ ಕಾರ್ಖಾನೆದು. ಮುದ್ರೆಗೆ ಬೆಂಚಿನ ಮೇಲಿನ ಅವಳ ಡಬ್ಬಿಯಿಂದ ಒಂದು ಹಿತ್ತಾಳೆ ಗುಂಡಿ ಎತ್ಕೊಂಡು ಬಂದಿದ್ದೆ, ಅದನ್ನೇ ಒತ್ತಿದೆ. ಉಬ್ಬಿದ್ದು ಒತ್ತಿದ್ರೆ ತಗ್ಗಾಗುತ್ತೆ ಅಂತ ಹೊಳೀಲಿಲ್ಲ. ಕಾಜ ಮಾಡೋಳಿಗೆ ಮುದ್ರೆ ಒತ್ತೋ ಕೆಲಸ ಎಲ್ಲಿ ಬರುತ್ತೆ?

ಹೋಗಿ ಹೇಳಬೇಕಿತ್ತಾ? 'ನಿನ್ನ ಜೊತೆನೇ ಉಣ್ತೀನಿ ಕಣೇ' ಅಂತ? ನಾನಾ? ಆ ಮಾತು ಈ ಬಾಯಿಗೆ ಬರಲ್ಲ ಕಣಪ್ಪ. ಬೈಗುಳ ಎಷ್ಟು ಬೇಕು ಕೇಳಿ, ಬರುತ್ತೆ. ಸರ್ಕಾರ ತಳ್ಳಿತು ಅಂತ ಹೋದೋಳು ನಾನು. ಸರ್ಕಾರ ಬಿಡಲಿಲ್ಲ ಅಂತ ಇರಬಹುದು. ನಾನಾಗೇ ಇರ್ತೀನಿ ಅಂತ ಯಾವ ಮುಖ ಇಟ್ಕೊಂಡು ಇರಲಿ? ಅವಳು ಬೇಡ ಅಂದ್ರೆ? ...ಒಂದು ಕೆಲಸ ಮಾಡಿ. ಇದನ್ನ ಕಿತ್ತು ಇನ್ನೊಂದು ಸೀಲು ಹಾಕಿ. ನೀವೇ ಹಾಕಿ, ಸರಿಯಾಗಿ, ಉಬ್ಬಿರೋದು. ಬೂಟು ಹಾಕ್ಕೊಂಡೇ ಬಂದು ಹಾಕಿ, ನಾನೇನೂ ಅನ್ನಲ್ಲ. ...ಅರಗು ಇಲ್ವಾ? ಮುದ್ರೆ? ...ವಾಪಸ್ ಕೊಟ್ಟುಬಿಟ್ರಾ? ಎಲ್ಲರೂ? ಥೂ ನಿಮ್ಮ! ಬೇಡ ಬೇಡ ಅಂದಾಗ ಮನೆಮನೆಗೆ ನುಗ್ಗಿ ಒತ್ತಿದ್ರಿ, ಬೇಕು ಅಂದಾಗ ಮುದ್ರೆಯೇ ಇಲ್ಲ! ಇಂಥ ಸರ್ಕಾರ ಇದ್ದರೆಷ್ಟು ಬಿಟ್ಟರೆಷ್ಟು!

...ಏನಂದ್ರಿ? ಇದನ್ನ ಯಾರ್ಯಾರು ನೋಡಿದ್ದಾರೆ ಅಂತಾನಾ? ಯಾರೂ ನೋಡಿಲ್ಲ. ಈ ಅಡುಗೆಮನೆಗೆ ಯಾರು ಬರ್ತಾರೆ? ಅವಳೊಬ್ಬಳು ಬರ್ತಾಳೆ, ದೊಡ್ಡ ಪಾತ್ರೆ ಬೇಕಾದಾಗ. ಬಂದೋಳು ಸುಮ್ಮನೆ ಹೋಗಲ್ಲ, ಕಂಡದ್ದನ್ನೆಲ್ಲ ಒರೆಸಿ ಹೋಗ್ತಾಳೆ. ಈ ಒಲೇನೂ ಒರೆಸ್ತಾಳೆ. ಸೀಲಿಗೆ ನೀರು ತಾಗದ ಹಾಗೆ ಸುತ್ತ... ಬೆರಳಿಟ್ಟು... ಮೊನ್ನೆ ಕೂಡ...

...ಅವಳು.

ಬೆಳಗಿಂದ ಸಂಜೆ ತನಕ ಆ ಗುಂಡೀನೇ ಅಲ್ವಾ ಅವಳ ಕೈಯಲ್ಲಿ? ಕಣ್ಣು ಮುಚ್ಕೊಂಡು ಹೊಲೀತಾಳಲ್ರೀ ಅದನ್ನ! ಬೆರಳು ತಾಗಿದ ಕೂಡಲೇ... ನನ್ನ ಗಂಟು ಅವಳಿಗೆ ಗೊತ್ತಾಗಲ್ವಾ, ದಿನಾ ನೋಡೋಳಿಗೆ? ಅಷ್ಟು ದಿನದಿಂದ ಗೊತ್ತಿದ್ದೂ... ಒಂದು ಮಾತು ಆಡಲಿಲ್ಲ. ಆ ನಾಲಿಗೆ! ಉಪ್ಪಿನ ಬಗ್ಗೆ ಸುಮ್ಮನಿರೋಕೆ ಆಗದ ಆ ನಾಲಿಗೆ, ಒಂದೇ ಒಂದು ಮಾತು...

ಶ್! ...ಕೇಳಿಸ್ತಾ? ಕರೀತಿದ್ದಾಳೆ. ಉಪ್ಪು ಹಾಕೋಕೆ.

ಇಕ್ಕಳ ಒಳಗಿಡಿ. ಬೂಟು ಹಾಕ್ಕೊಳ್ಳಿ, ಹೊರಡಿ. ಆ ಕಣ್ಣು ಒರೆಸ್ಕೊಳ್ಳಿ ಮೊದಲು... ಸರಿ, ನಿಮ್ಮದಲ್ಲ, ನನ್ನದು. ...ಬಂದೆ ಕಣೇ! ...ಏನು? ಆಫೀಸಿನೋರಾ? ಹೂಂ, ಬಂದಿದ್ದಾರೆ, ಇಲ್ಲೇ ಇದ್ದಾರೆ! ...ಇಲ್ಲ ಕಣೇ, ಬಿಡಿಸೋಕೆ ಆಗಲ್ವಂತೆ! ಸೀಲು ಹಾಗೇ ಇರುತ್ತಂತೆ! ...ನನ್ನನ್ನೇನು ಕೇಳ್ತೀಯಾ, ಸರ್ಕಾರ ಅಲ್ವಾ, ಯಾವ ಕೆಲಸ ನೆಟ್ಟಗೆ ಮಾಡಿದೆ!